ಗುಂಡಿಯಕ್ಕನ ಮನೆಯಲ್ಲಿ ಉರುಳಿದ ಕಲ್ಲುಗಳು

ಆಸ್ಪತ್ರೆಯ ತಳಮಹಡಿಯಲ್ಲಿ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ಪಕ್ಕದ ಕೋಣೆಯಲ್ಲಿ ನಾವು ಕೆಲವರು ಹೊಲಿಗೆ ಕೆಲಸ ಮಾಡುತ್ತಿದ್ದೆವು. ಹರಿದ ಹಾಸು, ಕಿತ್ತುಹೋದ ಲಾಡಿ, ಗುಂಡಿ ಉದುರಿದ ರೋಗಿಗಳ ಅಂಗಿ, ಎಲ್ಲವೂ ಮೇಲಿನ ವಾರ್ಡುಗಳಿಂದ ಮೂಟೆ ಕಟ್ಟಿಕೊಂಡು ನಮ್ಮ ಮೇಜಿಗೆ ಇಳಿದು ಬರುತ್ತಿದ್ದವು. ನಮ್ಮಲ್ಲಿ ಹಿರಿಯಳು ಗುಂಡಿಯಕ್ಕ. ಅಂಗಿಗಳಿಗೆ ಗುಂಡಿ ಹಾಕುವುದು ಅವಳ ಪಾಲಿನ ಕೆಲಸವಾಗಿದ್ದರಿಂದ ಆ ಹೆಸರು. ಹೊಸದಾಗಿ ಬಂದ ಸ್ಟೋರಿನ ಗುಮಾಸ್ತ ಒಮ್ಮೆ, "ಗುಂಡಿ ಅಂದ್ರೆ ರಸ್ತೆ ಗುಂಡಿನಾ?" ಎಂದು ಕೇಳಿ ನಕ್ಕ. ಅವಳು ಸೂಜಿಯಿಂದ ಕಣ್ಣು ಕೀಳದೆ, "ಹೌದಪ್ಪ, ನೋಡ್ಕೊಂಡು ಓಡಾಡು. ಬಿದ್ರೆ ಎತ್ತೋಕೆ ಇಲ್ಲಿ ಯಾರಿಗೂ ಸೊಂಟ ನೆಟ್ಟಗಿಲ್ಲ" ಎಂದಳು.

ಸೊಂಟದ ಮಾತು ಸುಳ್ಳಲ್ಲ. ಆಸ್ಪತ್ರೆಯ ಹಾಸುಗಳು ಮೊದಲು ಸವೆಯುವುದು ನಡುವಿನಲ್ಲಿ. ಅಂಥ ಹಾಸನ್ನು ಉದ್ದಕ್ಕೆ ಕತ್ತರಿಸಿ, ಗಟ್ಟಿಯಾಗಿ ಉಳಿದ ಅಂಚುಗಳನ್ನು ನಡುವಿಗೆ ತಂದು ಜೋಡಿಸಿ ಹೊಲಿಯುತ್ತಿದ್ದೆವು. ಇನ್ನೊಂದು ಸುತ್ತು ಸವೆದರೆ ಅದು ದಿಂಬಿನ ಚೀಲ, ಆಮೇಲೆ ಒರೆಸುವ ಬಟ್ಟೆ. ಇಡೀ ದಿನ ಬಗ್ಗಿ ಕೂತು ಇದನ್ನೇ ಮಾಡಿದ ಮೇಲೆ ಸಂಜೆ ಏಳುವಾಗ ಗುಂಡಿಯಕ್ಕ ಎರಡೂ ಕೈಯನ್ನು ಮೇಜಿಗೆ ಊರಿ, "ನನ್ನನ್ನೂ ನಡುವೆ ಕತ್ತರಿಸಿ ಹೊಲಿದುಬಿಡ್ರೇ, ಇನ್ನೊಂದಷ್ಟು ದಿನ ಬಾಳಿಕೆ ಬರ್ತೀನೋ ಏನೋ" ಎನ್ನುತ್ತಿದ್ದಳು.

ಅವಳ ಗಂಡ ಲಿಫ್ಟು ರಿಪೇರಿ ಮಾಡುವವನು. ನಾವು ಲಿಫ್ಟಣ್ಣ ಎನ್ನುತ್ತಿದ್ದೆವು. ಮಾತು ಕಡಿಮೆ, ಕೈಗೆ ಮಾತ್ರ ಸುಮ್ಮನಿದ್ದು ಗೊತ್ತಿಲ್ಲ. ಹೊಸ ಕಟ್ಟಡಗಳಲ್ಲಿ ಲಿಫ್ಟು ಕೂರಿಸಲು ಹೋದಾಗ, ಮರಳು ಜರಡಿ ಹಿಡಿದ ಮೇಲೆ ಉಳಿಯುವ ಉರುಟು ಕಲ್ಲುಗಳ ಗುಡ್ಡೆಯಲ್ಲಿ ಅವನಿಗೆ ಒಂದು ದಿನ ಕೆಂಪಗೆ, ಒಳಗೆ ಬಿಳಿ ಗೆರೆ ಓಡಿದ ಕಲ್ಲೊಂದು ಸಿಕ್ಕಿತಂತೆ. ಒದ್ದೆಯಾದಾಗ ಅದರ ಬಣ್ಣ ನೋಡಿ ಮರುಳಾದ. ಒಣಗಿದಾಗ ಅದು ಮತ್ತೆ ಬರೀ ಬೂದಿ ಬಣ್ಣ. ಒಣಗಿದ ಮೇಲೂ ಒದ್ದೆಯಾದಂತೆ ಇರಬೇಕಾದರೆ ಕಲ್ಲನ್ನು ವಾರಗಟ್ಟಲೆ ಉಜ್ಜಬೇಕು ಎಂದು ಯಾರೋ ಹೇಳಿದರು. ಅಲ್ಲಿಂದ ಶುರುವಾಯಿತು ಹುಚ್ಚು. ಅಂಗಿ, ಪ್ಯಾಂಟಿನ ಜೇಬಿನ ತುಂಬ ಕಲ್ಲು. ಗುಂಡಿಯಕ್ಕ ಒಗೆಯುವ ಮೊದಲು ಜೇಬು ತಡವದಿದ್ದರೆ ಬಕೆಟ್ಟಿನ ತಳ ಸೀಳುತ್ತಿತ್ತು.

ಯಂತ್ರವನ್ನೂ ಅವನೇ ಕಟ್ಟಿದ. ದಪ್ಪನೆಯ ಪ್ಲಾಸ್ಟಿಕ್ ಪೈಪಿನ ತುಂಡಿಗೆ ಎರಡೂ ಕಡೆ ರಬ್ಬರಿನ ಮುಚ್ಚಳ ಬಿಗಿದರೆ ಅದೇ ಡ್ರಮ್. ಅದು ಎರಡು ಕಂಬಿಗಳ ಮೇಲೆ ಮಲಗಿ ನಿಧಾನವಾಗಿ ಉರುಳುತ್ತಿರಬೇಕು. ಒಳಗೆ ಕಲ್ಲು, ನೀರು, ಕಲ್ಲನ್ನು ಉಜ್ಜುವ ಒರಟು ಪುಡಿ. ಒಂದು ವಾರದ ಮೇಲೆ ತೊಳೆದು ಸಣ್ಣ ಪುಡಿ, ಮತ್ತೊಂದು ವಾರದ ಮೇಲೆ ಇನ್ನೂ ಸಣ್ಣದು, ಕೊನೆಗೆ ಹೊಳಪು ಕೊಡುವ ಬಿಳೀ ಪುಡಿ. ಇದಕ್ಕೆಲ್ಲ ಬೇಕಾದ ಮೋಟಾರಿಗಾಗಿ ಅವನು ಬಿಚ್ಚಿದ್ದು ಮನೆಯ ಟೇಬಲ್ ಫ್ಯಾನನ್ನು, ಅದೂ ಬೇಸಿಗೆ ಬಾಗಿಲಲ್ಲಿ ನಿಂತಿದ್ದಾಗ.

"ಫ್ಯಾನೆಲ್ಲಿ ರೀ ಅಂದ್ರೆ, ಕೆಲಸದ ಮೇಲೆ ಹೋಗಿದೆ ಅಂತಾರೆ ಕಣೇ" ಎಂದು ಗುಂಡಿಯಕ್ಕ ನಮ್ಮ ಮುಂದೆ ಹೇಳಿಕೊಂಡಿದ್ದಳು. ಆ ಬೇಸಿಗೆಯೆಲ್ಲ ಅವಳು ಬೀಸಣಿಗೆ ಹಿಡಿದು ಮಲಗಿದಳು. ಬಾಲ್ಕನಿಯಲ್ಲಿ ಮಾತ್ರ ಕಲ್ಲುಗಳು ಗರಗರ ಎಂದು ಸುಖವಾಗಿ ತಿರುಗುತ್ತಿದ್ದವು.

ಹೀಗೆ ಹಲವು ವರ್ಷ ನಡೆಯಿತು. ಮಕ್ಕಳಿಲ್ಲದ ಮನೆ. ಅವಳು ಕೆಲಸದಿಂದ ಬಂದು ಅಡುಗೆ ಮಾಡುವುದು, ಅವನು ಕೆಲಸದಿಂದ ಬಂದು ಬಾಲ್ಕನಿಗೆ ಹೋಗುವುದು. ಜಗಳವೂ ಇಲ್ಲ, ಮಾತೂ ಇಲ್ಲ. ಕಲ್ಲು ಚೆನ್ನಾಗಿ ಬಂದರೆ ಅವನು ಒಂದನ್ನು ತಂದು ಒಲೆಯ ಕಟ್ಟೆಯ ಮೇಲಿಡುತ್ತಿದ್ದ. ಅವಳು ಕಟ್ಟೆ ಒರೆಸುವಾಗ ಅದನ್ನು ಎತ್ತಿ ಕಿಟಕಿಗೆ ಇಡುತ್ತಿದ್ದಳು. ಅಷ್ಟೇ ಅವರ ಸಂಭಾಷಣೆ.

ಒಂದು ಬೆಳಿಗ್ಗೆ ಅವಳು ಬುತ್ತಿ ಕಟ್ಟುತ್ತಿದ್ದಾಗ ಬಾಲ್ಕನಿಯಿಂದ ಏನೋ ಬಿದ್ದ ಸದ್ದು ಕೇಳಿಸಿತು. ಡ್ರಮ್ ಜಾರಿರಬೇಕು ಎಂದುಕೊಂಡು ಡಬ್ಬಿಯ ಮುಚ್ಚಳ ಹಾಕಿದಳು. ಆದರೆ ಡ್ರಮ್ ತಿರುಗುತ್ತಲೇ ಇತ್ತು. ಹೋಗಿ ನೋಡಿದರೆ ಬಿದ್ದಿದ್ದವನು ಗಂಡ. ಬಾಯಿ ಒಂದು ಕಡೆಗೆ ಎಳೆದಿತ್ತು, ಬಲಗೈ ಯಾರದ್ದೋ ಎಂಬಂತೆ ನೆಲದ ಮೇಲೆ ಬಿದ್ದಿತ್ತು.

ನಮ್ಮ ಆಸ್ಪತ್ರೆಗೇ ತಂದರು. ಲಕ್ವ. ಜೀವಕ್ಕೆ ಅಪಾಯವಿಲ್ಲ, ಬಲಗೈ ಬಲಗಾಲು ಎಷ್ಟು ಬರುತ್ತವೋ ನೋಡಬೇಕು, ಮಾತಿನ ವಿಷಯ ಈಗಲೇ ಹೇಳಲಾಗದು ಎಂದರು ಡಾಕ್ಟರು. ಗುಂಡಿಯಕ್ಕ ನಡುನಡುವೆ ಸೂಜಿ ಬಿಟ್ಟು ಮೇಲೆ ಹೋಗಿ ಬರುತ್ತಿದ್ದಳು. ಒಂದು ದಿನ ಕೆಳಗೆ ಬಂದವಳ ಮುಖದಲ್ಲಿ ನಗುವೋ ಅಳುವೋ ತಿಳಿಯದು.

"ಮಾತಾಡಿದ್ರು ಕಣೇ" ಎಂದಳು.

"ಹೌದಾ ಅಕ್ಕಾ? ಏನಂದ್ರು?"

"ಅವರ ಹಾಸಿನ ನಡುವೆ ನಾವು ಹಾಕಿದ ಹೊಲಿಗೆ ಇತ್ತು. ಬೆನ್ನಿಗೆ ಒತ್ತುತ್ತಾ ಅಂತ ಕೇಳ್ದೆ. ಆಮೇಲೆ ಅಂದ್ರು."

"ಏನು ಆಮೇಲೆ?"

"ಅದೇ. ಆಮೇಲೆ ಅಂತ. ನೀರು ಬೇಕಾ ಅಂದೆ, ಆಮೇಲೆ. ನಾನ್ಯಾರು ಗೊತ್ತಾ ಅಂದೆ, ಆಮೇಲೆ. ನರ್ಸಮ್ಮ ಹೇಳಿದ್ರು, ಕೆಲವರಿಗೆ ಹೀಗಾಗುತ್ತಂತೆ. ಎಲ್ಲಾ ಮಾತೂ ಹೋಗಿ ಒಂದೇ ಒಂದು ಉಳಿಯುತ್ತಂತೆ."

ಅವನಿಗೆ ಉಳಿದದ್ದು ಆ ಒಂದೇ ಮಾತು. ಹೌದು ಎನ್ನಲು, ಇಲ್ಲ ಎನ್ನಲು, ಬೈಯಲು, ಕರೆಯಲು, ಎಲ್ಲಕ್ಕೂ ಅದೇ. ಒಳಗೆ ಅವನಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಹೊರಗೆ ಬರುವ ಬಾಗಿಲಲ್ಲಿ ಮಾತ್ರ 'ಆಮೇಲೆ' ಅಡ್ಡ ನಿಂತುಬಿಡುತ್ತಿತ್ತು.

ಮನೆಗೆ ಕರೆದುಕೊಂಡು ಹೋದ ಮೇಲೆ ಹಗಲಲ್ಲಿ ನೋಡಿಕೊಳ್ಳಲು ಅವನ ಅಕ್ಕ ಬಂದರು. ಗುಂಡಿಯಕ್ಕ ಅತ್ತಿಗೆ ಎಂದು ಕರೆಯುತ್ತಿದ್ದುದರಿಂದ ನಮಗೂ ಅವರು ಅತ್ತಿಗೆಯೇ. ಗಂಡ ತೀರಿಹೋಗಿ, ದೂರದ ಸಂಬಂಧಿಯೊಬ್ಬರ ಮನೆಯ ಹಿಂದಿನ ಕೋಣೆಯಲ್ಲಿದ್ದವರು. ಎರಡು ಚೀಲ ಹಿಡಿದು ಬಂದು ಇಳಿದರು. ನೆಟ್ಟಗಿನ ನಿಲುವು, ಇನ್ನೂ ನೆಟ್ಟಗಿನ ನಾಲಗೆ. ಬಂದ ದಿನವೇ ಬಾಲ್ಕನಿ ನೋಡಿ, "ಇದೇನೇ ಇದು, ಮನೇನೋ ಗುಜರಿ ಅಂಗಡೀನೋ? ಈ ಕಲ್ಲು ಉರುಳಿಸೀ ಉರುಳಿಸೀನೇ ಅವನ ತಲೆ ತಿರುಗಿದ್ದು" ಎಂದರು. ಗುಂಡಿಯಕ್ಕ ಎದುರಾಡಲಿಲ್ಲ. ಅವಳ ಮನಸ್ಸಿನ ಮಾತನ್ನೇ ಅತ್ತಿಗೆ ಆಡಿದ್ದರು.

ಅಂದಿನಿಂದ ಅವಳ ದಿನಚರಿ ಹೀಗಾಯಿತು: ಬೆಳಿಗ್ಗೆ ಗಂಡನನ್ನು ಎಬ್ಬಿಸಿ, ಬಚ್ಚಲಿಗೆ ನಡೆಸಿ, ತೊಳೆದು, ಬಟ್ಟೆ ಹಾಕಿ, ತಿನ್ನಿಸಿ, ಬಸ್ಸು ಹಿಡಿದು ಬಂದು, ಬೇರೆಯವರ ರೋಗಿಗಳ ಅಂಗಿಗೆ ಗುಂಡಿ ಹಾಕಿ, ಮತ್ತೆ ಬಸ್ಸು ಹಿಡಿದು ಹೋಗಿ, ಬೆಳಿಗ್ಗೆ ಮಾಡಿದ್ದನ್ನೆಲ್ಲ ಹಿಂದುಮುಂದಾಗಿ ಮಾಡುವುದು. ಮೇಜಿನ ಮುಂದೆ ಕೂತಲ್ಲೇ ಅವಳ ಕಣ್ಣು ಮುಚ್ಚುತ್ತಿತ್ತು. ಸೂಜಿ ಮಾತ್ರ ತನ್ನ ಪಾಡಿಗೆ ಇನ್ನೊಂದೆರಡು ಹೊಲಿಗೆ ಹಾಕಿ ನಿಲ್ಲುತ್ತಿತ್ತು.

ಗಂಡನಿಗೆ ಒಂದು ಚಟ ಹತ್ತಿತು. ಎಡಗೈ ಎತ್ತಿ ಬಾಲ್ಕನಿಯ ಕಡೆ ತೋರಿಸಿ, "ಆಮೇಲೆ! ಆಮೇಲೆ!" ಎನ್ನುವುದು. ಗಾಳಿಗೆ ಕೂರಿಸಬೇಕೇ ಎಂದು ಕುರ್ಚಿ ಹಾಕಿದರು. ಅಲ್ಲ. ಒಣಗಿದ ಬಟ್ಟೆಯೇ, ಪಾರಿವಾಳವೇ, ಬಿಸಿಲೇ? ಅಲ್ಲ. ಸಿಟ್ಟಿನಿಂದ ಅವನ ಕುತ್ತಿಗೆ ಕೆಂಪಗಾಗುತ್ತಿತ್ತು. ಕೊನೆಗೆ ಹೊಳೆದದ್ದು ಅತ್ತಿಗೆಗೆ.

"ಆ ಡಬ್ಬ ಕಣೇ ಅವನಿಗೆ ಬೇಕಾಗಿರೋದು! ಇವನ ತಲೆ ಬೋಳಿಸಾ, ಸಾಯೋಕೆ ಬಿದ್ದಾಗ್ಲೂ ಅದರದ್ದೇ ಧ್ಯಾನ!"

ಅವನು ಬಿದ್ದ ದಿನ ತಿರುಗುತ್ತಿದ್ದ ಡ್ರಮ್ಮನ್ನು ಗುಂಡಿಯಕ್ಕ ಆಸ್ಪತ್ರೆಗೆ ಬಟ್ಟೆ ಒಯ್ಯಲು ಮನೆಗೆ ಬಂದಾಗ ಪ್ಲಗ್ ಕಿತ್ತು ನಿಲ್ಲಿಸಿದ್ದಳು. ಆಮೇಲೆ ಅದರ ನೆನಪೂ ಇರಲಿಲ್ಲ. ಈಗ ಮುಚ್ಚಳ ತೆಗೆದರೆ, ಒಳಗೆ ಸವೆದ ಕಲ್ಲಿನ ಹಿಟ್ಟು, ಪುಡಿ, ನೀರು ಎಲ್ಲ ಸೇರಿ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಕಲ್ಲುಗಳು ಅದರೊಳಗೆ ಹೂತುಹೋಗಿದ್ದವು. ಅವಳು ಅದನ್ನು ಗಂಡನ ಮುಂದೆ ಹಿಡಿದು, "ನೋಡಿ, ಮುಗೀತು ಇದರ ಕತೆ" ಎಂದಳು.

ಅವನು ನೋಡಿದ. ಸಿಟ್ಟು ಮಾಡಲಿಲ್ಲ. ಎಡಗೈಯ ಬೆರಳಿಂದ ಆ ಗಟ್ಟಿ ಕೆಸರನ್ನು ಮೆಲ್ಲಗೆ ಕೆರೆಯತೊಡಗಿದ. ಒಂದು ಉಗುರು ಮುರಿಯಿತು. ಆದರೂ ಕೆರೆದ.

"ಬಿಡಿ ರೀ, ಬೆರಳು ಹೋಗುತ್ತೆ" ಎಂದು ಅವಳು ಡ್ರಮ್ ಕಿತ್ತುಕೊಂಡು ನೀರಲ್ಲಿ ನೆನೆ ಹಾಕಿದಳು. ಮಾರನೆಯ ದಿನ ಸಂಜೆ ಸ್ಕ್ರೂಡ್ರೈವರಿನಿಂದ ಒಂದೊಂದೇ ಕಲ್ಲನ್ನು ಎಬ್ಬಿದಳು. ಪ್ರೀತಿಯಿಂದ ಅಲ್ಲ ಎಂದು ನಮಗೆ ಎಷ್ಟೋ ಸಲ ಹೇಳಿದ್ದಾಳೆ. "ಇನ್ನೊಂದು ಉಗುರು ಮುರಿದ್ರೆ ಕಟ್ಟು ಹಾಕೋಳೂ ನಾನೇ ಅಲ್ವಾ, ಅದಕ್ಕೆ." ತೊಳೆದ ಕಲ್ಲುಗಳನ್ನು ತಟ್ಟೆಯಲ್ಲಿ ಹಾಕಿ ಅವನ ತೊಡೆಯ ಮೇಲಿಟ್ಟಾಗ ಅವನು ಒಂದೊಂದನ್ನೇ ಬೆಳಕಿಗೆ ಹಿಡಿದು, ಬಿರುಕು ಬಿಟ್ಟದ್ದನ್ನು ಒಂದು ಕಡೆ, ಗಟ್ಟಿಯಾದದ್ದನ್ನು ಇನ್ನೊಂದು ಕಡೆ ಸರಿಸಿದ. ಬಿರುಕು ಬಿಟ್ಟ ಕಲ್ಲು ಒಳಗೇ ಒಡೆದು ಉಳಿದವನ್ನೆಲ್ಲ ಗೀರಿಬಿಡುತ್ತದಂತೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಬಾರಿಗೆ ಅವನ ಮುಖದಲ್ಲಿ ಹಳೆಯ ಲಿಫ್ಟಣ್ಣ ಕಾಣಿಸಿದ ಎಂದಳು ಗುಂಡಿಯಕ್ಕ. ಹೇಳುವಾಗ ಅವಳಿಗೆ ಖುಷಿಗಿಂತ ಭಯವೇ ಹೆಚ್ಚಾಗಿತ್ತು. ಇನ್ನು ಈ ಕೆಲಸವೂ ತನ್ನ ತಲೆಗೇ ಬಂತು ಎಂದು ಅವಳಿಗೆ ಗೊತ್ತಾಗಿತ್ತು.

ಬಂದದ್ದೂ ಹಾಗೆಯೇ. ಯಾವ ಡಬ್ಬಿಯ ಪುಡಿ ಎಂದು ಅವನು ಎಡಗೈಯಲ್ಲಿ ತೋರಿಸುವುದು, ಅವಳು ಹಾಕುವುದು. ನೀರು ಹೆಚ್ಚಾದರೆ ಒಂದು 'ಆಮೇಲೆ', ಕಡಿಮೆಯಾದರೆ ಇನ್ನೊಂದು. ಯಾವ 'ಆಮೇಲೆ' ಯಾವುದಕ್ಕೆ ಎಂದು ತಿಳಿಯುವ ಹೊತ್ತಿಗೆ ಅವಳ ತಾಳ್ಮೆ ತಳ ಕಂಡಿರುತ್ತಿತ್ತು.

ಮೊದಲ ವಾರದ ಒರಟು ಪುಡಿ ಮುಗಿದಾಗ ಅವಳು ಡ್ರಮ್ಮಿನ ಬೂದು ಕೆಸರನ್ನೆಲ್ಲ ಅಡುಗೆಮನೆಯ ಸಿಂಕಿಗೆ ಸುರಿದಳು. ಅವನು ಚೆನ್ನಾಗಿದ್ದಾಗ ಅದನ್ನು ಬಕೆಟ್ಟಿನಲ್ಲಿ ಕೆಳಗೆ ಒಯ್ದು ಗೋಡೆಯಾಚೆಯ ಖಾಲಿ ಮಣ್ಣಿಗೆ ಚೆಲ್ಲುತ್ತಿದ್ದ. ಏಕೆಂದು ಅವಳು ಯಾವತ್ತೂ ಕೇಳಿರಲಿಲ್ಲ. ಈಗ ತಿಳಿಯಿತು. ಪೈಪಿನೊಳಗೆ ಕೆಸರು ಹೆಪ್ಪುಗಟ್ಟಿ ನೀರು ಇಳಿಯದಾಯಿತು. ಮಾರನೆಯ ದಿನ ಕೆಳಗಿನ ಮನೆಯವರ ಸಿಂಕಿನಲ್ಲಿ ಇವರ ಮನೆಯ ಪಾತ್ರೆ ತೊಳೆದ ನೀರು ಉಕ್ಕಿತು. ಅಲ್ಲಿ ಇರುವವರು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಇಡೀ ದಿನ ಕಲಿಯುವವರ ಪಕ್ಕ ಜೀವ ಕೈಯಲ್ಲಿ ಹಿಡಿದು ಕೂತು ಬರುವ ಮನುಷ್ಯ. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು, "ನೋಡಿ ತಾಯಿ, ಸದ್ದನ್ನ ಸಹಿಸ್ಕೊಂಡೆ. ರಿವರ್ಸ್ ಬಂದ ನೀರನ್ನ ಹೇಗೆ ಸಹಿಸ್ಕೊಳ್ಳಲಿ?" ಎಂದರು.

ಪ್ಲಂಬರ್ ಬಂದು, ಪೈಪು ಬಿಚ್ಚಿ, ಒಳಗಿನಿಂದ ಕಲ್ಲಿನ ಸೌಟಿನಂಥದ್ದೊಂದನ್ನು ಎಳೆದು ತೆಗೆದು, "ಅಮ್ಮಾ, ಇದೇನು, ಮನೆ ಒಳಗೆ ಮನೆ ಕಟ್ಟಿಸ್ತಿದ್ದೀರಾ?" ಎಂದು ಕೇಳಿದ. ಅತ್ತಿಗೆಯ ಪಿತ್ತ ನೆತ್ತಿಗೇರಿತು.

"ಸಾಕು. ಗುಜರಿಯವನನ್ನ ಕರಿ. ಇವತ್ತೇ ತಗೊಂಡು ಹೋಗ್ಲಿ."

ಗುಂಡಿಯಕ್ಕ ನೆಲ ಒರೆಸುತ್ತಿದ್ದವಳು, "ಇರಲಿ ಬಿಡಿ ಅತ್ತಿಗೆ" ಎಂದಳು.

"ಯಾಕೆ ಇರಲಿ? ನಿನಗೇನು ಆಸೆ ಅದರ ಮೇಲೆ?"

"ಆಸೆ ಇಲ್ಲ. ಗುಜರಿಯವನನ್ನ ಕರೀಬೇಕು, ಅವನ ಹತ್ರ ಮಾತಾಡ್ಬೇಕು, ಇವರು ಕೂಗಾಡ್ತಾರೆ, ಸಮಾಧಾನ ಮಾಡ್ಬೇಕು. ಅದಕ್ಕೆಲ್ಲ ಎಲ್ಲಿದೆ ಶಕ್ತಿ? ತಿರುಗಲಿ ಬಿಡಿ."

ತಿರುಗಿತು. ಸಣ್ಣ ಪುಡಿ, ಇನ್ನೂ ಸಣ್ಣ ಪುಡಿ. ಅವಳು ಬಕೆಟ್ಟು ಹೊತ್ತು ಮೆಟ್ಟಿಲಿಳಿದು ಕೆಸರನ್ನು ಗೋಡೆಯಾಚೆ ಚೆಲ್ಲಿ ಬಂದಳು. ಸೊಂಟ ನೋವೆಂದು ನಮ್ಮ ಹತ್ತಿರ ಹೇಳುವುದನ್ನೂ ಬಿಟ್ಟಳು. ಹೇಳುವುದೂ ಒಂದು ಕೆಲಸವಾಗಿತ್ತು ಅವಳಿಗೆ.

ಹೊಳಪಿನ ಬಿಳೀ ಪುಡಿ ಹಾಕುವ ಹಂತ ಬಂತು. ಅದಕ್ಕೆ ಮೊದಲು ಡ್ರಮ್, ಮುಚ್ಚಳ, ಕಲ್ಲು ಸೋಸುವ ಜರಡಿ, ಕಲ್ಲು ಎಲ್ಲವನ್ನೂ ಉಜ್ಜಿ ತೊಳೆಯಬೇಕು. ಹಿಂದಿನ ಒರಟು ಪುಡಿಯ ಒಂದು ಕಾಳು ಎಲ್ಲೋ ಅಂಟಿಕೊಂಡಿದ್ದರೂ ಸಾಕು, ಹೊಳಪಿನ ಬದಲು ಗೀರು ಬೀಳುತ್ತದೆ. ಅವನು ಜರಡಿಯ ಕಡೆ ಕೈ ತೋರಿಸಿ ತೋರಿಸಿ 'ಆಮೇಲೆ' ಅಂದಿದ್ದ. ಆ ದಿನ ಆಸ್ಪತ್ರೆಯಲ್ಲಿ ಹೊಸ ವಾರ್ಡಿನ ಪರದೆಗಳ ಕೆಲಸ ಬಂದಿತ್ತು, ನಾವೆಲ್ಲ ಕತ್ತು ಮೇಲೆತ್ತಿರಲಿಲ್ಲ. ಮನೆಗೆ ಹೋದವಳು ಜರಡಿಯನ್ನು ನಲ್ಲಿಯ ಕೆಳಗೆ ಒಂದು ಸಲ ಹಿಡಿದು, "ಆಯ್ತು, ತೊಳೆದೆ" ಎಂದುಬಿಟ್ಟಳು.

ವಾರದ ಮೇಲೆ, ಅವಳ ರಜೆಯ ದಿನ ಬೆಳಿಗ್ಗೆ ಮುಚ್ಚಳ ತೆಗೆದಳು. ಕಲ್ಲುಗಳನ್ನು ತೊಳೆದು, ಒರೆಸಿ, ತಟ್ಟೆಯಲ್ಲಿಟ್ಟು ಅವನಿಗೆ ಕೊಟ್ಟಳು. ಅವನು ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಮತ್ತೊಂದು. ಮತ್ತೊಂದು. ಎಲ್ಲದರ ಮೇಲೂ ಬೆಕ್ಕು ಪರಚಿದಂತೆ ಸಣ್ಣ ಗೀರುಗಳು. "ಆಮೇಲೆ!" ಎಂದು ಕಿರುಚಿ ಕೈಯಲ್ಲಿದ್ದ ಕಲ್ಲನ್ನು ಬೀಸಿ ಎಸೆದ. ಎಡಗೈಗೆ ಗುರಿ ಎಲ್ಲಿಂದ ಬರಬೇಕು? ಅದು ಗೋಡೆಯ ಕನ್ನಡಿಗೆ ಬಡಿಯಿತು. ಕನ್ನಡಿ ಮೇಲಿಂದ ಕೆಳಗೆ ಬಿರಿದು, ಒಂದು ಚೂರು ಅವಳ ಕಾಲ ಹತ್ತಿರ ಬಂದು ಬಿತ್ತು.

ಅಷ್ಟು ವರ್ಷ ಗಂಡನ ಮುಂದೆ ದನಿ ಎತ್ತದ ಗುಂಡಿಯಕ್ಕ ಅವತ್ತು ಎತ್ತಿದಳು.

"ನಾನು ನಿಮ್ಮ ಹೆಂಡ್ತಿ ರೀ! ಮೋಟಾರಲ್ಲ, ಒಂದ್ಸಲ ಪ್ಲಗ್ ಹಾಕಿದ್ರೆ ತಿರುಗ್ತಾನೇ ಇರೋಕೆ! ಫ್ಯಾನ್ ಬಿಚ್ಚುವಾಗ ನನ್ನ ಕೇಳಿದ್ರಾ? ನನಗೆ ಸೆಖೆ ಆಗುತ್ತಾ ಅಂತ ಒಂದು ದಿನ ಕೇಳಿದ್ರಾ? ಮಾತು ಇದ್ದಾಗ ನನ್ನ ಹತ್ರ ಏನು ಮಾತಾಡಿದ್ರಿ ನೀವು? ಈಗ ಆಮೇಲೆ ಅಂತೆ, ಆಮೇಲೆ! ನನಗೆ ಯಾವಾಗ ರೀ ಆಮೇಲೆ?"

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಕಲ್ಲಿನಂತೆ ನಿಂತರು. ಅವನು ಬಾಯಿ ತೆರೆದ. ಏನೂ ಬರಲಿಲ್ಲ, ಇದ್ದ ಒಂದು ಮಾತೂ ಬರಲಿಲ್ಲ. ಗುಂಡಿಯಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಟಳು.

ಎಲ್ಲಿಗೆ ಹೋಗಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಕಾಲಿಗೆ ರೂಢಿಯಾದ ಬಸ್ಸು ಹತ್ತಿದಳು, ರೂಢಿಯಾದ ನಿಲ್ದಾಣದಲ್ಲಿ ಇಳಿದಳು. ಅವತ್ತು ಹೊಲಿಗೆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ರಜೆಯ ದಿನ ಇವಳೇಕೆ ಬಂದಳೆಂದು ಕೇಳುವ ಮೊದಲೇ ಅವಳು ಮೂಲೆಗೆ ಹೋಗಿ, ಆಗತಾನೇ ಒಣಗಿ ಬಂದ ಹಾಸುಗಳ ರಾಶಿಯ ಮೇಲೆ ಮಲಗಿದಳು. ಯಂತ್ರದಿಂದ ತೆಗೆದ ಬಟ್ಟೆಗೆ ಇನ್ನೂ ಬಿಸಿ ಇತ್ತು. ಮುಖ ಅದರಲ್ಲಿ ಹುದುಗಿಸಿದ್ದಷ್ಟೇ, ನಿದ್ದೆ ಹೋದಳು. ನಾನು ಹೊಸ ವಾರ್ಡಿನ ಪರದೆಯೊಂದನ್ನು ಅಡ್ಡ ಕಟ್ಟಿದೆ. ಸ್ಟೋರಿನ ಗುಮಾಸ್ತ ಬಂದು ಇಣುಕಿದ. "ಏನದು?" ಎಂದ. "ಮಡಚದ ಬಟ್ಟೆ" ಎಂದೆ. ಗೊರಕೆ ಕೇಳಿಸಿತು. ಅವನು ಒಂದು ಕ್ಷಣ ನಿಂತು, ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿಕೊಂಡು ಹೋದ.

ಅವಳು ಎದ್ದಾಗ ಮಧ್ಯಾಹ್ನ ಕಳೆದಿತ್ತು. ಕೆನ್ನೆಯ ಮೇಲೆ ಹೊಲಿಗೆಯ ಗುರುತು. ಫ್ಲಾಸ್ಕಿನಿಂದ ಚಹ ಬಗ್ಗಿಸಿ ಕೊಟ್ಟೆ. ಲೋಟ ಹಿಡಿದು ನಡೆದದ್ದನ್ನೆಲ್ಲ ಹೇಳಿದಳು.

"ಬಸ್ಸಲ್ಲಿ ಕೂತಾಗ ಏನನ್ನಿಸ್ತು ಗೊತ್ತೇನೇ? ಅವರು ಅವತ್ತೇ ಹೋಗಿದ್ರೆ ಚೆನ್ನಾಗಿರ್ತಿತ್ತು ಅಂತ. ಥೂ, ಎಂಥ ಹೆಂಗಸು ನಾನು."

"ಸುಸ್ತಾಗಿದೆ ಅಕ್ಕಾ ನಿನಗೆ. ಸುಸ್ತಾದಾಗ ಹಾಗೆ ಅನ್ಸುತ್ತೆ."

"ಸುಸ್ತಿಗೇ ಹಾಗನ್ನಿಸಿದ್ದು ಅಂತ ಹೇಗೆ ಹೇಳೋದು? ಅನ್ನಿಸಿದ್ದು ನನ್ನ ಮನಸ್ಸಿಗೆ ತಾನೇ."

ಕೆಲಸ ಮುಗಿದ ಮೇಲೆ ಅವಳ ಜೊತೆ ಮನೆಗೆ ಹೋದೆ. ಮೆಟ್ಟಿಲು ಹತ್ತುವಾಗ ಅವಳು ಪ್ರತಿ ತಿರುವಿನಲ್ಲೂ ನಿಂತಳು. ಮೇಲಿನಿಂದ ಅತ್ತಿಗೆಯ ಕೂಗು ಕೇಳುತ್ತಿತ್ತು. ಏನೋ ಆಗಿಹೋಗಿದೆ ಎಂದು ಉಳಿದ ಮೆಟ್ಟಿಲುಗಳನ್ನು ಬಿರಬಿರನೆ ಹತ್ತಿದೆವು.

ಬಾಗಿಲು ತೆರೆದೇ ಇತ್ತು. ಬಾಲ್ಕನಿಯಲ್ಲಿ ಲಿಫ್ಟಣ್ಣ ಕುರ್ಚಿಯಲ್ಲಿ, ಅವನ ಕಾಲಬುಡದಲ್ಲಿ ರವಿಕೆಯ ತೋಳು ಮೇಲೇರಿಸಿ ಕೂತ ಅತ್ತಿಗೆ. ಮೊಣಕೈವರೆಗೆ ಬೂದು ಕೆಸರು, ಮೂಗಿನ ತುದಿಗೂ ಒಂದು ಚುಕ್ಕೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಜರಡಿಯ ಕಣ್ಣುಕಣ್ಣನ್ನೂ ತಿಕ್ಕುತ್ತಿದ್ದರು.

"ಚಿಕ್ಕವನಿದ್ದಾಗ್ಲೂ ನೀನು ಹೀಗೇ. ನಾನು ಮಾಡಿದ್ದು ಯಾವ್ದೂ ಸರಿ ಇಲ್ಲ."

"ಆಮೇಲೆ."

"ಆಮೇಲೂ ಇಲ್ಲ, ಈಗ್ಲೂ ಇಲ್ಲ. ನೋಡು, ಇಲ್ಲೇನಾದ್ರೂ ಕೊಳೆ ಇದ್ಯಾ? ಕಣ್ಣು ಬಿಟ್ಟು ನೋಡು."

ಅವನು ಜರಡಿಯನ್ನು ಬೆಳಕಿಗೆ ಹಿಡಿದು, ಒಂದು ಮೂಲೆಯನ್ನು ಬೆರಳಿಂದ ಮುಟ್ಟಿ ತೋರಿಸಿ ವಾಪಸು ಕೊಟ್ಟ. ಅತ್ತಿಗೆ ಅವನ ಮೊಣಕಾಲಿಗೊಂದು ಗುದ್ದಿ ಮತ್ತೆ ತಿಕ್ಕಿದರು. ಗೀರು ಬಿದ್ದ ಕಲ್ಲುಗಳನ್ನು ಎಸೆಯಬೇಕಾಗಿಲ್ಲವಂತೆ. ಹಿಂದಿನ ಸಣ್ಣ ಪುಡಿಗೆ ಮತ್ತೆ ಹಾಕಿ ಒಂದು ವಾರ ಉರುಳಿಸಿದರೆ ಗೀರು ಸವೆದುಹೋಗುತ್ತದೆ. ಅದನ್ನು ಅವನು ಕೈಸನ್ನೆಯಲ್ಲೇ ಅಕ್ಕನಿಗೆ ತಿಳಿಸಿದ್ದ, ಅಥವಾ ಅಕ್ಕ ಬೈದು ಬೈದು ಅವನಿಂದ ಹೊರಡಿಸಿದ್ದರು. ಕನ್ನಡಿಯ ಚೂರುಗಳನ್ನೆಲ್ಲ ಗುಡಿಸಿ ಕಾಗದದಲ್ಲಿ ಕಟ್ಟಿಟ್ಟಿತ್ತು.

ಗುಂಡಿಯಕ್ಕನನ್ನು ಕಂಡು ಅವನು ತಲೆ ತಗ್ಗಿಸಿದ. ಅತ್ತಿಗೆ ಮಾತ್ರ, "ಬಂದ್ಯಾ? ಅನ್ನ ಮಾಡಿಟ್ಟಿದ್ದೀನಿ, ಉಣ್ಣು. ಈ ಕಡೆ ಬರ್ಬೇಡ, ನೆಲ ಜಾರುತ್ತೆ" ಎಂದರು.

ಮುಂದೊಂದು ದಿನ ಅವಳು ನನಗೆ ಹೇಳಿದ್ದು: "ಆ ಬಾಗಿಲಲ್ಲಿ ನಿಂತಾಗ ಹೊಟ್ಟೆ ಉರೀತು ಕಣೇ. ನಾನು ಇಷ್ಟು ದಿನ ಒದ್ದಾಡಿದ್ದನ್ನ ಅವರು ಒಂದೇ ಮಧ್ಯಾಹ್ನಕ್ಕೆ ಆಟದ ಥರ ಮಾಡ್ತಿದ್ರು. ಆದ್ರೆ ಉರಿದಿದ್ದು ಸ್ವಲ್ಪ ಹೊತ್ತು. ಆಮೇಲೆ ತಟ್ಟೆ ಹಾಕ್ಕೊಂಡು ಉಂಡೆ. ಬೇರೆಯವರು ಮಾಡಿದ ಅನ್ನ ಎಷ್ಟು ರುಚಿ ಇರುತ್ತೆ ಅಂತ ಮರೆತೇಹೋಗಿತ್ತು."

ಅಂದಿನಿಂದ ಡ್ರಮ್ ಅತ್ತಿಗೆಯ ಪಾಲಾಯಿತು. ಅಕ್ಕ ತಮ್ಮ ಇಡೀ ದಿನ ಕಿತ್ತಾಡಿಕೊಂಡು ಕಲ್ಲು ತೊಳೆದರು. ಗೀರು ಬಿದ್ದ ಆ ಕಲ್ಲುಗಳೂ ಕೊನೆಗೆ ಹೊಳಪು ಪಡೆದವು. ಒಣಗಿದ್ದರೂ ಈಗತಾನೇ ನೀರಿನಿಂದ ತೆಗೆದಂತೆ ಕೆಂಪು, ಜೇನಿನ ಬಣ್ಣ, ಹೊಗೆಯ ಬಣ್ಣ. ಅತ್ತಿಗೆ ಒಂದನ್ನು ಕೆಳಗಿನ ಮೇಷ್ಟ್ರಿಗೆ ಕೊಟ್ಟರು. ಅವರು ಅದನ್ನು ಕಾರಿನ ಸ್ಟೇರಿಂಗಿನ ಮುಂದೆ ಇಟ್ಟುಕೊಂಡರು. ಕಲಿಯುವವರಿಗೆ, "ಆ ಕಲ್ಲು ಬೀಳದ ಹಾಗೆ ಬ್ರೇಕ್ ಹಾಕಿ" ಎಂದು ಹೇಳಿಕೊಡುತ್ತಿದ್ದರಂತೆ. ಅವರ ತಕರಾರು ಅಲ್ಲಿಗೆ ನಿಂತಿತು. ಗುಂಡಿಯಕ್ಕ ಒಂದು ಕಲ್ಲನ್ನು ಕೆಲಸಕ್ಕೆ ತಂದು ನಮಗೆಲ್ಲ ತೋರಿಸಿದಳು. ನಾವು ಆಹಾ ಎಂದೆವು. ಅವಳು ಅದನ್ನು ತಿರುಗಿಸಿ ನೋಡಿ, "ಚೆನ್ನಾಗಿದೆ. ಇಷ್ಟು ಒದ್ದಾಡೋಷ್ಟು ಚೆನ್ನಾಗಿಲ್ಲ" ಎಂದು ಕೈಚೀಲಕ್ಕೆ ಹಾಕಿಕೊಂಡಳು.

ಗಂಡನ ಬಲಗೈ ಬರಲಿಲ್ಲ. ಮಾತೂ ಬರಲಿಲ್ಲ. ಅವಳ ಬೆಳಗು ಸಂಜೆಗಳೂ ಹಗುರವಾಗಲಿಲ್ಲ. ಎಬ್ಬಿಸುವುದು, ತೊಳೆಯುವುದು ಅವಳೇ. ಆದರೆ ಆ ಜಗಳದ ಮೇಲೆ ಅವನಲ್ಲೊಂದು ಬದಲಾವಣೆ ಬಂತು. ಅವಳು ಅಂಗಿ ತೊಡಿಸುವಾಗ ಮೇಲಿನ ಗುಂಡಿಯನ್ನು ತಾನೇ ಎಡಗೈಯಲ್ಲಿ ಹಾಕಿಕೊಳ್ಳಲು ಹಟ ಹಿಡಿಯುತ್ತಿದ್ದ. ಬಹಳ ಹೊತ್ತು ಹಿಡಿಯುತ್ತಿತ್ತು. ಅವಳಿಗೆ ಬಸ್ಸು ತಪ್ಪುತ್ತಿತ್ತು. "ನಾನು ಹಾಕಿದ್ರೆ ಚಿಟಿಕೆ ಹೊಡೆಯೋದ್ರೊಳಗೆ ಆಗೋಗುತ್ತೆ, ಆದ್ರೂ ಕಾಯ್ತೀನಿ" ಎನ್ನುತ್ತಿದ್ದಳು. ತಡವಾಗಿ ಬಂದವಳ ಮೇಜಿನ ಮೂಟೆಯಿಂದ ನಾವು ಒಂದಷ್ಟು ಅಂಗಿ ಎತ್ತಿಕೊಳ್ಳುತ್ತಿದ್ದೆವು.

ಮುಂದೊಂದು ಚಳಿಗಾಲದ ಮಧ್ಯಾಹ್ನ ಫೋನು ಬಂತು. ಎರಡನೆಯ ಸಲ ಹೊಡೆದ ಲಕ್ವ ಅವನನ್ನು ಆಸ್ಪತ್ರೆಯವರೆಗೂ ಬಿಡಲಿಲ್ಲ. ನಾವು ಅವಳ ಜೊತೆ ಹೋದಾಗ ಮನೆ ತುಂಬ ಜನ, ಬಾಲ್ಕನಿಯಲ್ಲಿ ಡ್ರಮ್ ಗರಗರ ತಿರುಗುತ್ತಲೇ ಇತ್ತು. ಯಾರಿಗೂ ಅದನ್ನು ನಿಲ್ಲಿಸಬೇಕೆಂದು ತೋಚಿರಲಿಲ್ಲ, ತೋಚಿದವರಿಗೆ ಧೈರ್ಯ ಬಂದಿರಲಿಲ್ಲ. ಗುಂಡಿಯಕ್ಕ ಮೊದಲು ಅವನ ಹತ್ತಿರ ಹೋಗಿ ಕೂತಳು. ಅಂಗಿಯ ಮೇಲಿನ ಗುಂಡಿ ಓರೆಯಾಗಿ ಸಿಕ್ಕಿಕೊಂಡಿತ್ತು. ಅದನ್ನು ನೆಟ್ಟಗೆ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು ಹೋಗಿ ಪ್ಲಗ್ ಕಿತ್ತಳು. ಆಗ ಅತ್ತಿಗೆ ಗಟ್ಟಿಯಾಗಿ ಅತ್ತರು. ಇವಳು ಅಳಲಿಲ್ಲ. ಅಳುವುದನ್ನು ಸಹ ನಾಳೆಗೆ ಎತ್ತಿಟ್ಟವಳಂತೆ ಗೋಡೆಗೆ ಒರಗಿದಳು.

ಕೆಲವು ದಿನಗಳಾದ ಮೇಲೆ ಅತ್ತಿಗೆ ಮೆಲ್ಲಗೆ ಕೇಳಿದರಂತೆ, "ಒಳಗೆ ಕಲ್ಲಿದೆಯಲ್ಲೇ, ಗಟ್ಟಿಯಾಗ್ಬಿಡುತ್ತೆ. ತೊಳೆದಿಡ್ಲಾ?"

"ತೊಳೀರಿ."

"ತೊಳೆದ ಮೇಲೆ ಮುಂದಿನ ಪುಡಿ ಹಾಕ್ಬೇಕಾಗುತ್ತೆ."

"ಹಾಕಿ ಅತ್ತಿಗೆ. ನನ್ನನ್ನೇನು ಕೇಳ್ತೀರಿ."

ಅತ್ತಿಗೆ ತಮ್ಮ ಚೀಲಗಳನ್ನು ಕಟ್ಟಲಿಲ್ಲ, ಗುಂಡಿಯಕ್ಕ ಕಟ್ಟಿ ಎನ್ನಲೂ ಇಲ್ಲ. "ಆ ಹಿಂದಿನ ಕೋಣೆಗೆ ಮತ್ತೆ ಹೋಗಿ ಏನು ಮಾಡ್ತಾರೆ ಪಾಪ. ಇಲ್ಲಿ ಕಲ್ಲಿಗಾದ್ರೂ ಬೈಕೊಂಡು ಇರ್ಲಿ" ಎಂದಳು ನನ್ನ ಹತ್ತಿರ. ಅತ್ತಿಗೆ ಈಗಲೂ ಬಾಲ್ಕನಿಯಲ್ಲಿ ಕೂತು ಕಲ್ಲಿನ ಜೊತೆ ಗಟ್ಟಿಯಾಗಿ ಜಗಳವಾಡುತ್ತಾರೆ, ಎದುರುತ್ತರ ಬರುವಷ್ಟು ಹೊತ್ತು ತಡೆದು ಮುಂದುವರಿಸುತ್ತಾರೆ.

ಗುಂಡಿಯಕ್ಕನಿಗೆ ಕಲ್ಲಿನ ಮೇಲೆ ಪ್ರೀತಿ ಹುಟ್ಟಲೇ ಇಲ್ಲ. ಕೆಲಸದಿಂದ ನಿವೃತ್ತಿಯಾದ ಮೇಲೆ ಅವಳು ಹೊಸದೊಂದು ಅಭ್ಯಾಸ ಮಾಡಿಕೊಂಡಳು. ಭಾನುವಾರ ಬೆಳಿಗ್ಗೆ ಮನೆಯ ಹತ್ತಿರ ಖಾಲಿ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬರುವುದು. ಒಂದು ಭಾನುವಾರ ನಾನೂ ಜೊತೆಗೆ ಹೋದೆ. ಕಂಡಕ್ಟರ್ ಅವಳನ್ನು ಎಲ್ಲಿಗೆಂದು ಕೇಳದೆಯೇ ಟಿಕೆಟ್ ಹರಿದು ಕೊಟ್ಟ. ಕೊನೆಯ ನಿಲ್ದಾಣದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಒಂದು ಚಹದ ಅಂಗಡಿ, ಒಂದು ಬೇವಿನ ಮರ, ಟಯರು ಗುದ್ದಿ ನೋಡುತ್ತಿದ್ದ ಡ್ರೈವರು. ಡ್ರೈವರ್ ಚಹ ಕುಡಿದು ಬರುವವರೆಗೆ ಎಲ್ಲರೂ ಇಳಿದರು. ನಾವಿಬ್ಬರೂ ಕೂತೇ ಇದ್ದೆವು.

"ಇಳಿಯಲ್ವಾ ಅಕ್ಕಾ?" ಎಂದೆ.

"ಬೇಡ" ಎಂದಳು ಅವಳು, ತಲೆಯನ್ನು ಕಿಟಕಿಯ ಸರಳಿಗೆ ಆನಿಸಿ. "ಇಲ್ಲಿ ಯಾರೂ ನನ್ನ ಏನೂ ಕೇಳಲ್ಲ ಕಣೇ."

ಬಸ್ಸು ಹೊರಡುವ ಹೊತ್ತಿಗೆ ಅವಳಿಗೆ ಜೊಂಪು ಹತ್ತಿತ್ತು. ಬಿಸಿಲು ಅವಳ ಮುಖಕ್ಕೆ ಬೀಳುತ್ತಿದ್ದುದರಿಂದ ನಾನು ಸೆರಗನ್ನು ಕಿಟಕಿಗೆ ಅಡ್ಡ ಹಿಡಿದೆ.